ಚೀಲದ ಮೇಲೊಂದು ಹೆಸರು, ಒಳಗೊಂದು ಗೊಬ್ಬರ

ಮುಂಗಾರು ಹದವಾಗಿ ಬಿದ್ದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಕಡೆಯೂ ಗೊಬ್ಬರದಂಗಡಿ ಮುಂದೆ ಮೆಕ್ಕೆಜೋಳ ಬಿತ್ತುವವರ ಸಾಲು. ಮೊದಲು ಕೇಳುವುದು ಡಿಎಪಿ, ಅಂದರೆ ಡೈಅಮೋನಿಯಂ ಫಾಸ್ಫೇಟ್. 50 ಕೆಜಿ ಚೀಲದ ಮೇಲೆ 18-46-0 ಎಂದು ದಪ್ಪಗೆ ಅಚ್ಚಾಗಿರುತ್ತದೆ.

ನೂರಕ್ಕೆ 46 ಪಾಲು ರಂಜಕವೇ ಎಂದು ಬಹಳ ಮಂದಿ ನಂಬಿದ್ದಾರೆ. ಅಲ್ಲ. ಅದು ಫಾಸ್ಫರಸ್ ಪೆಂಟಾಕ್ಸೈಡಿನ ಲೆಕ್ಕ. ತಮಾಷೆಯೆಂದರೆ ಆ ಪೆಂಟಾಕ್ಸೈಡು ಚೀಲದಲ್ಲಿ ಚಿಟಿಕೆಯಷ್ಟೂ ಇಲ್ಲ. ನೀರು ತಾಗಿದರೆ ಚುರ್ರೆಂದು ಕಾದು ಆಮ್ಲವಾಗುವ ಪುಡಿಯದು, ಅದನ್ನು ಯಾರು ಹೊಲಕ್ಕೆ ಹಾಕುತ್ತಾರೆ? ಹಿಂದಿನವರು ಎಲ್ಲವನ್ನೂ ಆಕ್ಸೈಡಿನ ಲೆಕ್ಕದಲ್ಲಿ ಬರೆಯುತ್ತಿದ್ದರು, ಆ ರೂಢಿಯನ್ನು ನಾವಿನ್ನೂ ಬಿಟ್ಟಿಲ್ಲ. ಚೀಲದಲ್ಲಿ 23 ಕೆಜಿ ಎಂದು ಲೆಕ್ಕಕ್ಕೆ ಬರುವುದರಲ್ಲಿ ನಿಜವಾದ ರಂಜಕ ಸುಮಾರು 10 ಕೆಜಿ. ಪೊಟ್ಯಾಷ್ ಚೀಲದ 60 ಕೂಡ ಹೀಗೇ: ಒಳಗಿರುವುದು ಪೊಟ್ಯಾಸಿಯಂ ಕ್ಲೋರೈಡ್, ಲೆಕ್ಕ ಮಾತ್ರ ಪೊಟ್ಯಾಸಿಯಂ ಆಕ್ಸೈಡಿನದು.

ಇನ್ನು ಮಕ್ಕಳ ತಕರಾರು. ಅಯಾನಿಕ ಸಂಯುಕ್ತದ ಹೆಸರಿಗೆ ಡೈ, ಟ್ರೈ ಸೇರಿಸಬೇಡಿ ಎಂದು ಮೇಷ್ಟ್ರು ಹೇಳುತ್ತಾರೆ. ಕ್ಯಾಲ್ಸಿಯಂ ಡೈಫ್ಲೋರೈಡ್ ಎಂದು ಬರೆದರೆ ಅಂಕ ಕಳೆಯುತ್ತಾರೆ. ಹಾಗಾದರೆ ಡೈಅಮೋನಿಯಂ ಫಾಸ್ಫೇಟ್ ಹೇಗೆ ಸರಿ? ನಿಯಮದ ಹಿಂದಿನ ಕಾರಣ ಹಿಡಿದರೆ ಗಂಟು ಬಿಚ್ಚುತ್ತದೆ. ಗೊಂದಲ ಇರುವಲ್ಲಿ ಮಾತ್ರ ಎಣಿಕೆ ಬೇಕು. ಒಂದು ಕ್ಯಾಲ್ಸಿಯಂ ಅಯಾನಿಗೆ ಎರಡು ಫ್ಲೋರೈಡ್, ಅದರ ವಿದ್ಯುದಂಶವೇ ಗೊತ್ತುಮಾಡಿಬಿಟ್ಟಿದೆ, ಎಣಿಸಿ ಹೇಳುವುದೇನು? ಸಹವೇಲೆನ್ಸೀಯ ಸಂಯುಕ್ತಗಳಲ್ಲಿ ಹಾಗಿಲ್ಲ. ಇಂಗಾಲಕ್ಕೆ ಒಂದು ಆಮ್ಲಜನಕ ಸೇರಿದರೆ ಉಸಿರು ಕಟ್ಟಿಸುವ ಮೊನಾಕ್ಸೈಡ್, ಎರಡು ಸೇರಿದರೆ ಗೋಲಿಸೋಡಾದ ಡೈಆಕ್ಸೈಡ್. ಫಾಸ್ಫಾರಿಕ್ ಆಮ್ಲಕ್ಕೂ ಒಂದು ಪಾಲು ಅಮೋನಿಯ ಸೇರಬಹುದು, ಎರಡೂ ಸೇರಬಹುದು. ಒಂದು ಸೇರಿದ್ದು ಹನಿ ನೀರಾವರಿಯವರು ಕೊಳ್ಳುವ 12-61-0, ಎರಡು ಸೇರಿದ್ದು ಡಿಎಪಿ. ಹೀಗಾಗಿ ಚೀಲದ ಮೇಲೆ ಆ ‘ಡೈ’ ಇರಲೇಬೇಕು. ಮೇಷ್ಟ್ರದೂ ಸುಳ್ಳಲ್ಲ, ಅಂಗಡಿಯವರದೂ ಸುಳ್ಳಲ್ಲ.

ಹೆಸರಿನೊಳಗಿನ ಅಂಕಿಯೂ ಹೀಗೇ ದಾರಿ ತಪ್ಪಿಸಬಹುದು: ಪಕ್ಕದ ಸಂಡೂರಿನ ಕೆಂಪು ಅದಿರು ಕಬ್ಬಿಣ ಮೂರರ ಆಕ್ಸೈಡ್. ರೋಮನ್ ಅಂಕಿಯಲ್ಲಿ ಬರೆಯುವ ಆ ಮೂರು ಕಬ್ಬಿಣದ ಪರಮಾಣುಗಳ ಎಣಿಕೆಯಲ್ಲ, ಒಂದೊಂದರ ವಿದ್ಯುದಂಶ. ಕಬ್ಬಿಣ ಎರಡೇ ಇದೆ, ಮೂರಿರುವುದು ಆಮ್ಲಜನಕ.

ಹೆಸರಿನ ಗೊಂದಲ ನೀರಿನಲ್ಲೂ ಇದೆ: ಕೂಡ್ಲಿಗಿಯಂಥ ಒಣ ತಾಲ್ಲೂಕಿನಲ್ಲಿ ‘ಬೋರಿನ ನೀರಲ್ಲಿ ಫ್ಲೋರಿನ್ ಐತಿ’ ಎನ್ನುವುದುಂಟು. ಫ್ಲೋರಿನ್ ತಿಳಿಹಳದಿ ಬಣ್ಣದ ವಿಷಾನಿಲ, ನೀರಿಗೆ ಬಿದ್ದರೆ ಅದು ಫ್ಲೋರಿನ್ ಆಗಿಯೇ ಉಳಿಯುವುದಿಲ್ಲ. ನೀರಿನಲ್ಲಿರುವುದು ಬಂಡೆಯಿಂದ ಕರಗಿ ಬಂದ ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅನಿಲವೆಂದುಕೊಂಡು ಕುದಿಸಿ ಓಡಿಸಲು ಹೋಗಬೇಡಿ: ಆವಿಯಾಗುವುದು ನೀರು, ಪಾತ್ರೆಯಲ್ಲಿ ಉಳಿಯುವುದು ಫ್ಲೋರೈಡ್.