ಹುನ್ನೂರಿನ ವಿಠ್ಠಲ

ಬೇಸಿಗೆ ಬಲಿತ ಹಾಗೆಲ್ಲ ಹಿಡಕಲ್ ಜಲಾಶಯದ ಹಿನ್ನೀರು ದಂಡೆ ಬಿಟ್ಟು ದೂರ ಸರಿಯುತ್ತದೆ. ನೀರು ಬಿಟ್ಟುಕೊಟ್ಟ ನೆಲದಲ್ಲಿ ಇಳಿದು ನಡೆದರೆ ಒಣಗಿದ ರಾಡಿ ಕಾಲಡಿಯಲ್ಲಿ ಪುಡಿಪುಡಿಯಾಗುತ್ತದೆ. ಬಿರುಕಿನ ಸಂದಿಗಳಲ್ಲಿ ಬಿಳಿಚಿಕೊಂಡ ಚಿಪ್ಪು, ಹರಿದ ಬಲೆಯ ಎಳೆ. ಗಾಳಿ ತಿರುಗಿದಾಗ ಕೆಸರು, ಮೀನು ಬೆರೆತ ಹಸಿ ವಾಸನೆ. ಬಯಲಿನ ನಡುವೆ ಹುನ್ನೂರಿನ ವಿಠ್ಠಲನ ಗುಡಿ. ಈ ಹುಕ್ಕೇರಿ ಸೀಮೆಯಲ್ಲಿ ನೆಲವೆಲ್ಲ ಮುಳುಗಿ ಗುಡಿ ಉಳಿದಿದೆ.

ಗೋಡೆಗೆ ಕೈಯಿಟ್ಟು ನೋಡಿ. ಬಿಸಿಲುಂಡ ಕಲ್ಲು ಸುಡುತ್ತದೆ, ಸಂದಿಯಲ್ಲಿ ಬೆರಳು ತೂರಿಸಿದರೆ ಇನ್ನೂ ತಂಪು. ಒಣಗಿದ ಪಾಚಿ ಉಗುರು ತಾಗಿದರೆ ಸಾಕು, ಹಕ್ಕಳೆಯಾಗಿ ಉದುರುತ್ತದೆ. ನೀರು ಎಲ್ಲೆಲ್ಲಿ ತಂಗಿ ಇಳಿಯಿತೋ ಅಲ್ಲೆಲ್ಲ ಮಣ್ಣಿನ ಗೆರೆ. ಗೆರೆಯ ಮೇಲೆಯೇ ಯಾರೋ ಹಚ್ಚಿಹೋದ ಹೊಸ ಕುಂಕುಮ. ಘಟಪ್ರಭೆಗೆ ಅಡ್ಡಲಾಗಿ ಎದ್ದ ಅಣೆಕಟ್ಟು 1977ರಲ್ಲಿ ಪೂರ್ಣಗೊಂಡ ಮೇಲೆ ಈ ಕಲ್ಲುಗಳ ಬಾಳು ಹೆಚ್ಚಾಗಿ ನೀರೊಳಗೇ ಕಳೆದಿದೆ. ಅಷ್ಟು ವರ್ಷ ನೆನೆದೂ ಕಲ್ಲಿಗೆ ಕಲ್ಲು ಕಚ್ಚಿಕೊಂಡೇ ಇರುವುದನ್ನು ಕಂಡಾಗ, ಕಟ್ಟಿದವರ ಕೈಗೆ ಶರಣೆನ್ನಬೇಕು.

ಮುಂಗಾರು ತಡವಾದ 2023ರ ಜೂನ್‌ನಲ್ಲಿ ಗುಡಿ ಪೂರ್ತಿ ತೆರೆದುಕೊಂಡು ಜನ ಮುಗಿಬಿದ್ದರು. ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ವಾರಿ ಯಾತ್ರೆಯ ದಿನಗಳೂ ಅವೇ. ಆ ವರ್ಷದ ಆಷಾಢ ಏಕಾದಶಿ ಜೂನ್ 29ಕ್ಕೆ. ಯಾತ್ರಿಕರ ದಿಂಡಿಯ ಜೊತೆ ಹೋಗಲಾಗದವರಿಗೆ ವಿಠ್ಠಲ ತಾನೇ ಎದುರು ಬಂದಂತಾಯಿತು ಅನ್ನಿ. ಆದರೆ ಇವನ ದರ್ಶನವಾಗಬೇಕೆಂದರೆ ಕೆರೆ-ಕಾಲುವೆ ಬತ್ತಬೇಕು! ಬಂದವರು ಕೈಮುಗಿದು ಬೇಡುವುದೂ ಮಳೆಯನ್ನೇ, ಅಂದರೆ ದೇವರು ಮತ್ತೆ ಮುಳುಗಲಿ ಎಂದು.

ಬೇಡದೆ ಇರುವುದಾದರೂ ಹೇಗೆ? ರಾಜಾ ಲಖಮಗೌಡರ ಹೆಸರಿನ ಈ ಜಲಾಶಯ ಭರ್ತಿಯಾದರೆ 51 ಟಿಎಂಸಿ ಅಡಿ. ಗೋಕಾಕ, ಮೂಡಲಗಿ ಕಡೆಯ ಕಬ್ಬಿನ ಗದ್ದೆಗಳು, ಬೆಳಗಾವಿ ಪೇಟೆಯ ನಲ್ಲಿಗಳು ಎಲ್ಲವೂ ಇದನ್ನು ನಂಬಿವೆ. ಕಾಲುವೆಗೆ ನೀರು ಬಿಡದಿದ್ದರೆ ನಾಟಿ ಮಾಡಿದ ಕಬ್ಬು ಅಲ್ಲೇ ಸುರುಟಿಕೊಳ್ಳುತ್ತದೆ.

ಪಶ್ಚಿಮ ಘಟ್ಟದಲ್ಲಿ ಮಳೆ ಹಿಡಿಯಿತೆಂದರೆ ಹೊಳೆ ಕೆಂಪಗೆ ಉಕ್ಕಿ ಬರುತ್ತದೆ. ಗುಡಿಯ ಮೆಟ್ಟಿಲು, ಕಂಬ, ಕೊನೆಗೆ ಶಿಖರ ನೀರಿಗೆ ಸೇರುತ್ತವೆ. ಗೇಟು ತೆರೆದರೆ ಧೂಪದಾಳ ಒಡ್ಡು ದಾಟಿದ ನೀರು ಗೋಕಾಕದಲ್ಲಿ 170 ಅಡಿ ಕೆಳಗೆ ಧುಮುಕುತ್ತದೆ. ಜನರ ಬೈಕು, ಟಂಟಂಗಳೂ ಹುನ್ನೂರು ಬಿಟ್ಟು ಫಾಲ್ಸಿನ ದಾರಿ ಹಿಡಿಯುತ್ತವೆ.