ನಿಮಗಿದು ಗೊತ್ತೆ? ಮೊದಲು ಬಂದವರ ತಂಡವೂ ಸೋಲಬಹುದು!

ಶಾಲಾ ಕ್ರಾಸ್ ಕಂಟ್ರಿ ಓಟದಲ್ಲಿ ಒಬ್ಬನ ವೇಗ ಸಾಲದು.

ಅಮೆರಿಕದ ಹೈಸ್ಕೂಲುಗಳಲ್ಲಿ ಸಾಮಾನ್ಯವಾಗಿ ತಂಡಕ್ಕೆ ಏಳು ಮಂದಿ, ಓಟ 5 ಕಿ.ಮೀ. ತಂಡದ ಮೊದಲ ಐವರ ಸ್ಥಾನಗಳನ್ನು ಕೂಡಿಸುತ್ತಾರೆ. ಮೊತ್ತ ಕಡಿಮೆಯಿದ್ದವರಿಗೆ ಗೆಲುವು. ಮೊದಲ ಐದೂ ಸ್ಥಾನ ಒಂದೇ ತಂಡದ ಪಾಲಾದರೆ 15 ಅಂಕ, ಅದಕ್ಕಿಂತ ಉತ್ತಮ ಸಾಧನೆಯಿಲ್ಲ. ಆರನೆಯ, ಏಳನೆಯವರ ಶ್ರಮವೂ ವ್ಯರ್ಥವಲ್ಲ: ಎದುರಾಳಿಗಳ ಐದನೆಯವನನ್ನು ಅವರು ಹಿಂದಿಕ್ಕಿದರೆ ಆ ತಂಡದ ಮೊತ್ತ ಏರುತ್ತದೆ. ಕೆಸರಿನಲ್ಲಿ ಏದುಸಿರು ಬಿಡುತ್ತಾ ಒಬ್ಬನನ್ನು ದಾಟಿದರೂ ಫಲಿತಾಂಶ ತಿರುಗೀತು!

ಈ ಓಟದ ಬೇರು ಇಂಗ್ಲೆಂಡಿನ ಶಾಲೆಗಳಲ್ಲಿದೆ. ‘ಮೊಲ’ವಾದ ಹುಡುಗರು ಕಾಗದದ ಚೂರು ಚೆಲ್ಲುತ್ತಾ ಹೊಲ, ಬೇಲಿ ದಾಟಿ ಓಡಿದರೆ, ‘ಬೇಟೆನಾಯಿ’ಗಳಾದವರು ಆ ಜಾಡು ಹಿಡಿದು ಬೆನ್ನಟ್ಟುತ್ತಿದ್ದರು. ಶ್ರೂಸ್‌ಬರಿ ಶಾಲೆಯ ಓಟದ ಲಿಖಿತ ದಾಖಲೆ 1831ರಷ್ಟು ಹಳೆಯದು. ಅಲ್ಲಿನ ಓಟಗಾರರಿಗೆ ಇಂದಿಗೂ ‘ಬೇಟೆನಾಯಿ’ಗಳೆಂದೇ ಹೆಸರು.