ಪೋ ನದಿಯ ಅಗ್ಗದ ಅನಿಲ

1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಮಾಜೋರೆ ಸರೋವರದಂಚಿನ ಜೌಗಿನ ಕೆಸರು ಕಲಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದಿಟ್ಟು, ಅವು ಉರಿಯುವುದನ್ನು ತೋರಿಸಿದ. ಅದೇ ಮೀಥೇನ್. ನಮ್ಮ ಹಳ್ಳಿಯ ಗೋಬರ್ ಗ್ಯಾಸ್ ಗುಂಡಿಯಲ್ಲಿ ನಡೆಯುವ ಕೆಲಸವೇ ನದಿಯ ಮುಖಜಭೂಮಿಯಲ್ಲೂ ನಡೆಯುತ್ತದೆ: ಆಮ್ಲಜನಕ ಸಿಗದ ಕಡೆ ಸೂಕ್ಷ್ಮಜೀವಿಗಳು ಎಲೆ, ಬೇರು, ಪಾಚಿಗಳನ್ನು ಕೊಳೆಸಿ ಅನಿಲ ಮಾಡುತ್ತವೆ. ಪ್ರತಿ ಪ್ರವಾಹವೂ ಹೊಸ ಮೆಕ್ಕಲು ತಂದು ಸುರಿಯುವುದರಿಂದ ಕೆಳಗಿನದು ಬೇಗ ಹೂತುಹೋಗುತ್ತದೆ. ಸುಮಾರು 80 ಡಿಗ್ರಿ ಶಾಖ ಮೀರಿದರೆ ಈ ಜೀವಿಗಳು ಉಳಿಯವು. ಹಾಗಾಗಿ ಈ ಅನಿಲ ಹುಟ್ಟುವುದು ಹೆಚ್ಚು ಆಳವಲ್ಲದ, ಎಳೆಯ ಪದರಗಳಲ್ಲಿ. ಜಗತ್ತಿನ ನೈಸರ್ಗಿಕ ಅನಿಲದಲ್ಲಿ ಐದನೇ ಒಂದು ಪಾಲಿಗೂ ಹೆಚ್ಚು ಇಂಥದ್ದೆಂಬ ಅಂದಾಜಿದೆ.

ಹುಡುಕುವುದೂ ಅಷ್ಟು ಕಷ್ಟವಲ್ಲ. ನೆಲದೊಳಕ್ಕೆ ಕಂಪನದ ಅಲೆ ಕಳುಹಿಸಿದರೆ ಅನಿಲ ತುಂಬಿದ ಮರಳಿನ ಪದರ ಅದನ್ನು ಜೋರಾಗಿ ಮರಳಿಸುತ್ತದೆ. ಸಿಕ್ಕ ಅನಿಲ ಜೀವಿಗಳದ್ದೋ ಆಳದ ಶಾಖದ್ದೋ ಎಂಬುದನ್ನು ಅದರ ಇಂಗಾಲ ಹೇಳುತ್ತದೆ. ಸೂಕ್ಷ್ಮಜೀವಿಗಳಿಗೆ ಹಗುರ ಇಂಗಾಲವೇ ಇಷ್ಟ. ಈ ಅನಿಲ ಹತ್ತಿರದಲ್ಲಿದೆ, ಬಹುಪಾಲು ಶುದ್ಧ ಮೀಥೇನ್, ಕೊರೆಯಲು ಖರ್ಚು ಕಡಿಮೆ. ನನ್ನ ತಕರಾರು ಈ 'ಕಡಿಮೆ'ಯ ಬಗ್ಗೆಯೇ. ಅನಿಲವನ್ನು ಹುಟ್ಟಿಸಿದ ಎಳೆಯ ಮಣ್ಣು ಇನ್ನೂ ಗಟ್ಟಿಯಾಗಿರುವುದಿಲ್ಲ. ಒಳಗಿನ ನೀರಿನ ಒತ್ತಡವೇ ಮೇಲಿನ ಭಾರದ ಒಂದು ಪಾಲನ್ನು ಹೊತ್ತಿರುತ್ತದೆ. ಆ ಒತ್ತಡ ಇಳಿದರೆ ನೆಲ ಕುಸಿಯುತ್ತದೆ.

ಇಟಲಿಯ ಪೋ ನದಿ ಆಡ್ರಿಯಾಟಿಕ್ ಕಡಲು ಸೇರುವ ಪೊಲೆಸಿನೆ ಪ್ರದೇಶದಲ್ಲಿ 1938ರಿಂದ ಆದದ್ದು ಇದೇ. ಅಲ್ಲಿ ಅನಿಲ ನೀರಿನಲ್ಲಿ ಕರಗಿತ್ತು. ಅನಿಲ ಬೇಕೆಂದರೆ ಉಪ್ಪುನೀರನ್ನು ಅಪಾರವಾಗಿ ಎತ್ತಲೇಬೇಕಿತ್ತು. ಒತ್ತಡ ಇಳಿದಂತೆ ಜೇಡಿಪದರಗಳು ಅಮುಕಿಕೊಂಡವು. ವರ್ಷಕ್ಕೆ ಕೆಲವೇ ಮಿಲಿಮೀಟರ್ ತಗ್ಗುತ್ತಿದ್ದ ನೆಲ 1950ರ ದಶಕದಲ್ಲಿ ಕೆಲವೆಡೆ ವರ್ಷಕ್ಕೆ 20 ಸೆಂಟಿಮೀಟರಿಗೂ ಹೆಚ್ಚು ಕುಸಿಯಿತು. 1960ರ ದಶಕದ ಆರಂಭದಲ್ಲಿ ಸರ್ಕಾರ ಬಾವಿಗಳನ್ನು ನಿಲ್ಲಿಸುವ ಹೊತ್ತಿಗೆ ಕೆಲವು ಕಡೆ ಒಟ್ಟು ಕುಸಿತ ಎರಡು ಮೀಟರ್ ದಾಟಿತ್ತು. ಹೀಗೆ ಅಮುಕಿದ ಜೇಡಿ ಮತ್ತೆ ಉಬ್ಬುವುದಿಲ್ಲ.

ಮುಖಜಭೂಮಿ ಹೇಗೂ ತಗ್ಗುತ್ತಲೇ ಇರುತ್ತದಲ್ಲ ಎನ್ನುವವರಿದ್ದಾರೆ. ನಿಜ, ಆದರೆ ಮಿಲಿಮೀಟರನ್ನು ಹೊಸ ಮೆಕ್ಕಲು ತುಂಬಿಕೊಟ್ಟೀತು, ಮೀಟರನ್ನಲ್ಲ. ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ: ಈಗಿನ ಬಾವಿಗಳು ಆಳದ ಒಣ ಅನಿಲಕ್ಕಾಗಿ, ಉಪಗ್ರಹಗಳು ಮಿಲಿಮೀಟರ್ ಕುಸಿತವನ್ನೂ ಅಳೆಯುತ್ತವೆ, ಎತ್ತಿದ ನೀರನ್ನು ಮರಳಿ ತುಂಬಬಹುದು. ಇದೇ ಸಂಕಟ ಕಂಡ ಜಪಾನಿನ ನೀಗಾಟ ನೀರನ್ನು ಹಾಗೆ ಹಿಂತಿರುಗಿಸುವ ದಾರಿ ಹಿಡಿಯಿತು. ಒಪ್ಪೋಣ. ಆದರೂ ಪೋ ನದಿಯ ದಕ್ಷಿಣಕ್ಕಿರುವ ರವೆನ್ನಾದ ಕರಾವಳಿ ತಗ್ಗಿದ್ದಕ್ಕೆ ಅಂತರ್ಜಲದ ಜೊತೆಗೆ ಅನಿಲ ತೆಗೆದದ್ದೂ ಕಾರಣ. ಕಲ್ಲಿದ್ದಲಿಗಿಂತ ಅನಿಲ ಮೇಲು, ಉಕ್ರೇನ್ ಯುದ್ಧದ ನಂತರ ಸ್ವಂತ ಅನಿಲ ಬೇಕು ಎಂಬ ಮಾತಿನ ಹಿಂದೆಯೂ ಅಗತ್ಯವಿದೆ. 2022ರಲ್ಲಿ ಇಟಲಿ ಸರ್ಕಾರ ಪೋ ಮುಖದೆದುರಿನ ಕಡಲಿನ ಒಂದು ಪಟ್ಟಿಯನ್ನು ಷರತ್ತಿನ ಮೇಲೆ ತೆರೆಯಹೊರಟಿದ್ದು ಅದಕ್ಕೇ. ಅಂಥ ಪರವಾನಗಿಯ ಲೆಕ್ಕದಲ್ಲಿ ಪಂಪುಗಳ ಖರ್ಚೂ ಸೇರಬೇಕು. ಪೊಲೆಸಿನೆಯ ಅನಿಲ ಬಾವಿಗಳು ಮುಚ್ಚಿ ಅರವತ್ತು ವರ್ಷ ದಾಟಿದೆ. ಕಡಲಮಟ್ಟಕ್ಕಿಂತ ಕೆಳಗಿರುವ ಅಲ್ಲಿನ ಹೊಲಗಳಿಂದ ನೀರು ಹೊರಹಾಕುವ ಪಂಪುಗಳು ಇಂದಿಗೂ ಓಡುತ್ತಿವೆ.